ಉದ್ರಿ ಪುಸ್ತಕದಾಗಿನ ಮೀನು

ಮೂರು ತಿಂಗಳ ಊಟದ ಬಾಕಿ, ಆರು ಸಾವಿರದ ಎರಡುನೂರು.
ಚಡಚಣದ ಸಿದರಾಯ ಪಿಎಸ್ಐ ಪರೀಕ್ಷೆ ಬರದು
ಒಂದು ಮುಂಜಾನೆ ಆಟೋದಾಗ ತಂದಿಳಿಸಿದ
ಎರಡು ಫೂಟಿನ ಗಾಜಿನ ಪೆಟಿಗಿ.
"ಅಕ್ಕಾ, ರೊಕ್ಕ ಇಲ್ಲ. ಇವನ್ನ ಇಟ್ಕೋ. ಬಂದು ಬಿಡಿಸ್ಕೋತೀನಿ."

ಬಂಗಾರ ಒತ್ತಿ ಇಟ್ಟವರನ್ನ ನೋಡೀನಿ,
ಸೈಕಲ್ ಒತ್ತಿ ಇಟ್ಟವರನ್ನೂ ನೋಡೀನಿ.
ಉಸಿರಾಡೂದನ್ನ ಒತ್ತಿ ಇಟ್ಟವ ಇವನೊಬ್ಬನ.

ಜಲನಗರದ ನನ್ನ ಖಾನಾವಳಿಯೊಳಗ
ಗಲ್ಲಾಪೆಟಿಗಿ ಬಾಜೂಕ, ಉಪ್ಪಿನಕಾಯಿ ಬರಣಿ ಸರಿಸಿ ಇಟ್ಟೆ.
ಕರಿ ಮೋಲಿ ನಾಕು, ಕೆಂಪು ಪ್ಲ್ಯಾಟಿ ಮೂರು,
ಗಪ್ಪಿ ಎಷ್ಟೋ. ನಿಂತರ ಎಣಿಸಬೇಕು, ನಿಂದ್ರೂದಿಲ್ಲ.

ಬಡಿಸೂದು ನನ್ನ ಕಸಬು.
ತಾಟು ಖಾಲಿ ಕಂಡರ ಕೈ ತಡಿಯೂದಿಲ್ಲ.
"ಇನ್ನೊಂದು ರೊಟ್ಟಿ ಹಾಕ್ಕೋರಿ" ಅನ್ನೂದು
ಇಪ್ಪತ್ತೆರಡು ವರ್ಷದ ಬಾಯಿಪಾಠ.
ಅವು ಗಾಜಿಗೆ ಮೂತಿ ಹಚ್ಚಿ ಬಂದು ನಿಂತವು,
ನಾ ಹಾಕಿದೆ.
ಮತ್ತ ನಿಂತವು. ಮತ್ತ ಹಾಕಿದೆ.
ಮೂರನೇ ದಿನ ನೀರು ತೆಳ್ಳನ್ನ ಗಂಜಿ ಹಂಗಾತು,
ಐದನೇ ದಿನ ಎರಡು ಗಪ್ಪಿ, ಒಂದು ಪ್ಲ್ಯಾಟಿ
ಹೊಟ್ಟಿ ಮ್ಯಾಲ ಮಾಡಿ ತೇಲಿದ್ವು.

ಬಣ್ಣದ ಮೀನಿನ ಅಂಗಡಿ ನಬಿಲಾಲ ಬಂದು ನೀರು ಮೂಸಿ ನೋಡಿದ.
"ದಾನಮ್ಮಕ್ಕ, ಹಸದು ಸತ್ತ ಮೀನ ನಾ ಇನ್ನೂ ನೋಡಿಲ್ಲ.
ಉಂಡು ಸತ್ತವನ್ನ ದಿನಾ ನೋಡ್ತೀನಿ.
ಚಿಟಿಕಿ. ದಿನಕ್ಕ ಎರಡು ಚಿಟಿಕಿ. ವಾರಕ್ಕೊಂದು ದಿನ ಉಪಾಸ."
ಅವತ್ತು ರಾತ್ರಿ ನನಗ ಊಟ ಸೇರಲಿಲ್ಲ.

ಈ ಊರ ಬೋರಿನ ನೀರಿಗೆ ಬೇಳಿ ಬೇಯೂದಿಲ್ಲ.
ತಪೇಲಿ ತಳಕ್ಕ ಸುಣ್ಣ, ಸಾಬಣಕ್ಕ ನೊರಿ ಇಲ್ಲ,
ತಲಿಗೂದಲ ಹುರಿ ಹಗ್ಗ.
ನಬಿಲಾಲ ಅಂದ: ಮೋಲಿಗೆ ಇದs ಬೇಕು, ಈ ಗಡಸು ನೀರು.
ನಲ್ಲಿ ನೀರಿನ ಔಷಧ ವಾಸನಿ ಇವಕ್ಕ ಆಗೂದಿಲ್ಲ,
ಹಾಕೂದಾದರ ಒಂದು ರಾತ್ರಿ ಬಕೀಟದಾಗ ಬಾಯಿ ತೆರದಿಟ್ಟು ಹಾಕು.
ಇಪ್ಪತ್ತೆರಡು ವರ್ಷ ಬೈದ ನೀರು!
ಕೊಡ ತುಂಬುವಾಗ ಅದರ ಮಾರಿ ನೋಡಾಕ ನಾಚಿಕಿ ಬಂತು.

ಹುಣ್ಣಿವಿ ಮರುದಿನ ಕರಿ ಮೋಲಿ ಹಡದಳು.
ತತ್ತಿ ಇಲ್ಲ, ಸೀದಾ ಮರಿ.
ಎಳ್ಳಿನಷ್ಟು ಮೈ, ಅದರಾಗ ಕಣ್ಣ ದೊಡ್ಡವು.
ಬಿದ್ದದ್ದು ಏಳತದ, ಎದ್ದದ್ದು ಓಡತದ,
ಯಾಕಂದರ ಹಿಂದ ಅವ್ವ ಬಾಯಿ ತಗದಾಳ.
ಪಾತ್ರಿ ತಿಕ್ಕಾಕ ಬರೂ ಸುಗಲಾ, ಐದು ತಿಂಗಳ ಬಸುರಿ,
ಅದನ್ನ ನೋಡಿ ಹೊರಗ ಹೋಗಿ ಕಟ್ಟಿ ಮ್ಯಾಲ ಕುಂತಳು.
ನಾ ಚಹಾ ಸೋಸೂ ಹೊಸಾ ಜರಡಿ ತಗೊಂಡು
ಸಿಕ್ಕವನ್ನ ಉಪ್ಪಿನಕಾಯಿ ಬರಣಿ ತೊಳದು ಅದರಾಗ ಬಿಟ್ಟೆ,
ಉಳದವು ಪಾಚಿ ಒಳಗ ಹೊಕ್ಕವು.
"ಅಕಿಗೆ ತಿಳಿಯೂದಿಲ್ಲವ್ವ, ಕಣ್ಣ ಮುಂದ ಹರದಾಡೂದೆಲ್ಲ ಊಟ."
"ನಿಮ್ಮ ಗಿರಾಕಿಗಳ ಹಂಗ?" ಅಂದಳು ಸುಗಲಾ.
ನಕ್ಕಳು, ಪುಣ್ಯಾಕ.

ಉದ್ರಿ ಪುಸ್ತಕದಾಗ ಸಿದರಾಯನ ಹಾಳಿ ತಗದು
ಬಾಕಿ ಕೆಳಗ ಬರದೀನಿ:
ಕಂಡ ಮರಿ ಮೂವತ್ತೊಂದು. ಅವ್ವ ತಿಂದದ್ದು ಗೊತ್ತಿಲ್ಲ.
ಬದುಕಿದ್ದು ಹತ್ತೊಂಬತ್ತು.
ಜೋಡಿಗೆ ಮೂವತ್ತು ರೂಪಾಯಿ ಅಂದ ನಬಿಲಾಲ. ಕೊಟ್ಟಿಲ್ಲ.
ಕರೆಂಟ್ ಹೋದ ರಾತ್ರಿ ಗಾಳಿ ಮಷೀನ ನಿಂತಾಗ
ತಂಬಿಗಿಲೆ ನೀರು ಮೊಗದು, ಎತ್ತರದಿಂದ ಮತ್ತ ಅದರಾಗs ಹೊಯ್ದದ್ದು
ಎರಡು ತಾಸು.
ಇದನ್ನ ಜಮಾ ಕಡೆ ಬರೀಲೋ ಖರ್ಚಿನ ಕಡೆಯೋ?

ಅವ ಒಮ್ಮೆ ಫೋನ್ ಮಾಡಿದ್ದ.
ರಿಸಲ್ಟ್ ನಾ ಕೇಳಲಿಲ್ಲ, ಅವ ಹೇಳಲಿಲ್ಲ.
"ಕರಿದು ಅದನ, ಅಕ್ಕಾ?"
"ಅದಾಳ. ಹಡದಾಳ."
ಆ ಕಡೆ ಬಾಳೊತ್ತು ಯಾವುದೋ ಬಸ್ಸಿನ ಸಪ್ಪಳ.

ಇವತ್ತು ಮಧ್ಯಾಹ್ನ ಡಿಪೋದ ಕಂಡಕ್ಟರ್
ಬದನಿಕಾಯಿ ಪಲ್ಯ ಬಾಯಿಗಿಟ್ಟು ಮಾರಿ ಎತ್ತಿದ:
"ಏನ್ ದಾನಮ್ಮಕ್ಕ, ಉಪ್ಪು ಮರತ್ರೇನು?"
ಮರತಿಲ್ಲ.
ನಾಕು ತಿಂಗಳಾತು,
ಈ ಕೈ ಚಿಟಿಕಿ ಬಿಟ್ಟು ಬ್ಯಾರೆ ಅಳತಿ ಒಲ್ಲದು.